ಕುರಿ ಕೋಕ್ ಬಣ್ಣದ ಉಚ್ಚೆ ಹೊಯ್ತಿದೆ, ಕಣ್ಣು ಹಳದಿ, 3 ದಿನದಲ್ಲಿ 2 ಹೋದ್ವು, ಯಾರಿಗಾದ್ರೂ ಹಿಂಗಾಗಿದ್ಯಾ?

ಕುರಿದೊಡ್ಡಿ_ಹಿರಿಯೂರು:
ಎಲ್ರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಅಟ್ಟಣಿಗೆ ಶೆಡ್ ಹಾಕಿ 42 ಕುರಿ 6 ಮೇಕೆ ಸಾಕ್ತಿದೀನಿ, ಹೊರಗಡೆ ಮೇಯೋಕೆ ಬಿಡಲ್ಲ. ಹೋದ ವಾರ 9 ಟಗರು ಟಾಟಾ ಏಸಲ್ಲಿ ಹಾಕ್ಕೊಂಡು ಸಂತೆಗೆ ಹೋಗಿದ್ದೆ, ರೇಟು ಕುದುರಲಿಲ್ಲ, ಇಡೀ ದಿನ ಬಿಸಿಲಲ್ಲಿ ನಿಂತು ನಿಂತು ಸಾಕಾಗಿ ಎಲ್ಲವನ್ನೂ ವಾಪಸ್ ತಂದೆ. ಎರಡು ದಿನ ಬಿಟ್ಟು ನೋಡಿದ್ರೆ ಒಂದು ಟಗರು ಮೇವು ಮುಟ್ಟದೆ ಮೂಲೇಲಿ ತಲೆ ಇಳಿಬಿಟ್ಟು ನಿಂತಿದೆ, ಉಚ್ಚೆ ಥೇಟ್ ಕೋಕ್ ಬಣ್ಣ, ಕಣ್ಣಿನ ರೆಪ್ಪೆ ಎಳೆದು ನೋಡಿದ್ರೆ ಅರಿಶಿನ ಹಚ್ಚಿದಂಗೆ. ಡಾಕ್ಟ್ರು ಬಂದು ಉಣ್ಣೆ ಹುಳ (ಉಣುಗು) ಕಚ್ಚಿ ಬರೋ ಕಾಯಿಲೆ ಇರ್ಬೋದು ಅಂತ ಇಂಜೆಕ್ಷನ್ ಹಾಕಿದ್ರು, ಬೆಳಗಾಗೋದ್ರಲ್ಲಿ ಸತ್ತಿತ್ತು. ಆಮೇಲೆ ಇನ್ನೊಂದು. ಈಗ ಮೂರನೇದು ಮಲಗಿದೆ. ಮೇಕೆಗಳು ಮಾತ್ರ ಕಲ್ಲುಗುಂಡಿನಂಗಿವೆ, ಅದೇ ಮೇವು ಅದೇ ನೀರು. ಊರಲ್ಲಿ ಯಾರೋ ವಿಷ ಹಾಕಿದಾರೆ ಅಂತಾರೆ, ನಮ್ಮಮ್ಮ ದೃಷ್ಟಿ ಅಂತಾರೆ, ನನಗಂತೂ ತಲೆ ಕೆಟ್ಟೋಗಿದೆ.

ಮಂದಿ_ಕುರಿ_ರಾಯಚೂರ:
ಅಣ್ಣ, ನಮ್ಮ ಮಂದ್ಯಾಗೂ ಕೆಂಪು ಉಚ್ಚಿ ಆಗಿತ್ತು, ಆದ್ರ ಅದು ಉಣ್ಣಿಯಿಂದ, ಮೈ ಕಾದ ಹಂಚಾಗಿತ್ತು ನೋಡ್ರಿ. ಜ್ವರ ಐತೇನು ನೋಡ್ರಿ ಮೊದ್ಲ. ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ, ನಮ್ಮ ಕುರಿ ದಿನಾ ಹತ್ತು ಹೊಲ ತಿರುಗಿ ಹತ್ತು ಥರದ್ದು ತಿಂತಾವ, ಈ ಕಟ್ಟಿ ಹಾಕಿ ತಿನ್ಸೋ ಕುರಿಗೆ ಬರೋ ರೋಗಾನ ಬ್ಯಾರೆ.

ಪಶುವೈದ್ಯ_ನಿವೃತ್ತ:
ಕುರಿ ಮಾತ್ರ ಸಾಯ್ತಿವೆ ಮೇಕೆಗೇನೂ ಆಗಿಲ್ಲ, ಅದೂ ಪ್ರಯಾಣ ಮಾಡಿ ಬಂದ ಮೇಲೆ ಶುರುವಾಗಿದೆ ಅಂದ್ರೆ ನನಗೆ ಬೇರೆ ಅನುಮಾನ ಬರ್ತಿದೆ. ಮೂರು ವಿಷಯ ಹೇಳಿ. ಜ್ವರ ಇದ್ಯಾ? ಲಂಟಾನ ಗಿಡ ಏನಾದ್ರೂ ತಿಂದಿದ್ವಾ, ಅದರಲ್ಲೂ ಕಣ್ಣು ಹಳದಿ ಆಗತ್ತೆ, ಆದ್ರೆ ಮೂತಿ ಕಿವಿ ಚರ್ಮ ಬಿಸಿಲಿಗೆ ಸುಟ್ಟಂಗೆ ಸಿಪ್ಪೆ ಏಳತ್ತೆ. ಮೂರನೇದು, ಯಾವ ಫೀಡು ಯಾವ ಮಿನರಲ್ ಮಿಕ್ಸ್ಚರ್ ಕೊಡ್ತಿದೀರಿ, ಚೀಲದ ಫೋಟೋ ಹಾಕಿ. ಸತ್ತ ಕುರಿ ಕೊಯ್ದು ನೋಡಿದ್ರಾ?

ಕುರಿದೊಡ್ಡಿ_ಹಿರಿಯೂರು:
ಜ್ವರ ಇಲ್ಲ ಸರ್, 102 ಚಿಲ್ಲರೆ. ಲಂಟಾನ ಪ್ರಶ್ನೆನೇ ಇಲ್ಲ. ಎರಡನೇದನ್ನ ಕೊಯ್ಸಿದ್ವಿ, ಈಲಿ (ಲಿವರ್) ಹಳದಿ ಹಳದಿ, ಮೂತ್ರಪಿಂಡ ಮಾತ್ರ ನೇರಳೆ ಹಣ್ಣಿನಂಗೆ ಕರ್ರಗೆ ಇತ್ತು, ಕೊಯ್ದವನೇ ಹೆದರಿಕೊಂಡು ಕೈ ತೊಳ್ಕೊಂಡ. ಮಿನರಲ್ ಮಿಕ್ಸ್ಚರ್ ಮನೇಲಿ ಹಸುಗೆ ಅಂತ ತಂದಿದ್ದೇ ಸರ್, 7 ತಿಂಗಳಿಂದ ದಿನಾ ತಲೆಗೆ 10 ಗ್ರಾಂ ಹಾಕ್ತಿದೀನಿ, ಟಗರು ಬೇಗ ತೂಕ ಬರ್ಲಿ ಅಂತ. ಜೊತೆಗೆ ಹಸು ಫೀಡು ಕಾಲು ಕೆಜಿ. ಚೀಲದ ಮೇಲೆ ತಾಮ್ರ ಕೆಜಿಗೆ 1200 ಮಿಲಿಗ್ರಾಂ ಅಂತಿದೆ. ಮೇಕೆ ಆ ಪುಡಿ ಮೂಸಿ ಬಿಡ್ತಿದ್ವು ಅಂತ ಅವಕ್ಕೆ ಹಾಕ್ತಿರ್ಲಿಲ್ಲ, ಈಗ ಹೊಳೀತು.

ಪಶುವೈದ್ಯ_ನಿವೃತ್ತ:
ಆ ನೇರಳೆ ಬಣ್ಣದ ಮೂತ್ರಪಿಂಡ ಕೇಳಿದ ಮೇಲೆ ನನಗೆ ಹೆಚ್ಚು ಅನುಮಾನ ಉಳಿದಿಲ್ಲ, ಇದು ತಾಮ್ರದ ವಿಷ. ಯಾರೂ ವಿಷ ಹಾಕಿಲ್ಲ ಮಾರಾಯ್ರೆ, 7 ತಿಂಗಳಿಂದ ನೀವೇ ಅಕ್ಕರೆಯಿಂದ ಹಾಕಿದೀರಿ.

ಲೆಕ್ಕ ನೋಡಿ. 1200 ಮಿಲಿಗ್ರಾಂ ಇರೋ ಪುಡಿ 10 ಗ್ರಾಂ ಅಂದ್ರೆ 12 ಮಿಲಿಗ್ರಾಂ ತಾಮ್ರ. ನಿಮ್ಮ ಟಗರು ದಿನಕ್ಕೆ ಸುಮಾರು 1 ಕೆಜಿ ಒಣ ಲೆಕ್ಕದ ಮೇವು ತಿಂತಿದೆ ಅಂತಿಟ್ಕೊಳ್ಳಿ. ಕುರಿಗೆ ಬೇಕಾಗಿರೋದೇ ಕೆಜಿ ಮೇವಿಗೆ 7ರಿಂದ 11 ಮಿಲಿಗ್ರಾಂ, ಅದರಲ್ಲಿ ಬಹುಪಾಲು ಬರೀ ಹುಲ್ಲು ಹಿಂಡಿಯಲ್ಲೇ ಸಿಕ್ಕಿರತ್ತೆ, ಅದರ ಮೇಲೆ ಈ 12, ಮೇಲಿಂದ ಹಸು ಫೀಡಲ್ಲಿರೋದು ಬೇರೆ. ಹಸು 40ರ ತನಕ ತಡ್ಕೊಳ್ಳತ್ತೆ, ಹಂದಿ ಇನ್ನೂ ಹೆಚ್ಚು, ಕುರಿಗೆ 15 ದಾಟಿದ್ರೇ ಅಪಾಯ. ಯಾಕಂದ್ರೆ ಬೇರೆ ಪ್ರಾಣಿಗಳು ಹೆಚ್ಚಾದ ತಾಮ್ರಾನ ಪಿತ್ತದ ಜೊತೆ ಹೊರಗೆ ಹಾಕ್ತವೆ, ಕುರಿಗೆ ಆ ಕೆಲಸ ಸರಿಯಾಗಿ ಬರಲ್ಲ, ಎಲ್ಲಾ ಈಲಿಯಲ್ಲಿ ಕೂಡಿಡತ್ತೆ. ತಿಂಗಳುಗಟ್ಲೆ ಏನೂ ಗೊತ್ತಾಗಲ್ಲ, ಮೈ ಮಿರಿಮಿರಿ ಅಂತಿರತ್ತೆ. ಒಂದಿನ ಲಾರಿ ಪ್ರಯಾಣನೋ, ನಾಯಿ ಅಟ್ಟಿಸಿದ್ದೋ, ಉಪವಾಸನೋ ಆದಾಗ ಈಲಿ ತಡೀದೆ ಆ ತಾಮ್ರ ಎಲ್ಲ ಒಂದೇ ಸಲ ರಕ್ತಕ್ಕೆ ನುಗ್ಗತ್ತೆ, ಕೆಂಪು ಕಣಗಳು ಒಡೆದು ಉಚ್ಚೆಯಲ್ಲಿ ಇಳಿಯತ್ತೆ, ನೀವು ನೋಡಿದ ಕೋಕ್ ಅದೇ.

ಮಲಗಿರೋ ಟಗರಿನ ಬಗ್ಗೆ ಹೆಚ್ಚು ಆಸೆ ಇಟ್ಕೋಬೇಡಿ. ಉಳಿದವನ್ನ ಉಳಿಸ್ಬೋದು. ಪುಡಿ, ಹಸು ಫೀಡು ಎರಡೂ ಇವತ್ತೇ ನಿಲ್ಸಿ. ಯಾವುದನ್ನೂ ಓಡಿಸ್ಬೇಡಿ, ಸಾಗಿಸ್ಬೇಡಿ, ಉಣ್ಣೆ ಕತ್ತರಿಸೋದೂ ಬೇಡ. ಮೈಯಲ್ಲಿರೋ ತಾಮ್ರ ಇಳಿಸೋಕೆ ಅಮೋನಿಯಂ ಮಾಲಿಬ್ಡೇಟ್ 100 ಮಿಲಿಗ್ರಾಂ, ಸೋಡಿಯಂ ಸಲ್ಫೇಟ್ 1 ಗ್ರಾಂ, ತಲೆಗೆ ದಿನಾ ನೀರಲ್ಲಿ ಕುಡಿಸೋದು, 3 ವಾರದ ತನಕ, ಇದನ್ನ ನಿಮ್ಮ ಡಾಕ್ಟರಿಗೆ ತೋರ್ಸಿ ಅವರ ಕೈಯಲ್ಲೇ ಮಾಡ್ಸಿ. 1962ಕ್ಕೆ ಫೋನ್ ಮಾಡಿದ್ರೆ ಪಶು ಚಿಕಿತ್ಸೆ ಗಾಡಿ ಬರತ್ತೆ. ಇನ್ನೊಂದು ಸತ್ರೆ ಈಲಿ, ಮೂತ್ರಪಿಂಡದ ತುಂಡು ಐಸಲ್ಲಿ ಇಟ್ಟು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕಳ್ಸಿ. ಆ ಈಲಿ ಮನುಷ್ಯರೂ ತಿನ್ಬೇಡಿ, ನಾಯಿಗೂ ಹಾಕ್ಬೇಡಿ.

ತೋಟದ_ಮನೆ_ಸಾಗರ:
ಮಧ್ಯ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಮ್ಮಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೀತೀವಲ್ಲ, 1 ಕೆಜಿ ಮೈಲುತುತ್ತ (ಅದೂ ತಾಮ್ರದ್ದೇ) 1 ಕೆಜಿ ಸುಣ್ಣ 100 ಲೀಟರ್ ನೀರಿಗೆ. ಮರದಿಂದ ಸುರಿದು ಕೆಳಗಿನ ಹುಲ್ಲೆಲ್ಲ ನೀಲಿ ಆಗಿರ್ತದೆ, ಅದನ್ನೇ ಕೊಯ್ದು ದನಕ್ಕೆ ಹಾಕ್ತೇವೆ, ಇಷ್ಟು ವರ್ಷ ಏನೂ ಆಗಿಲ್ಲ. ಈಗ ಮಗ ನಾಲ್ಕು ಕುರಿ ತರ್ತೇನೆ ಅಂತಿದಾನೆ.

ಪಶುವೈದ್ಯ_ನಿವೃತ್ತ:
ದೊಡ್ಡ ದನ ತಡ್ಕೊಂಡಿವೆ ಅಷ್ಟೆ, ಎಳೆಗರುಗೆ ಹಾಕ್ಬೇಡಿ. ಕುರಿ ತಂದ್ರೆ ತೋಟದ ಹುಲ್ಲು ಬೇಡವೇ ಬೇಡ. ಅದಕ್ಕಿಂತ ಹೆಚ್ಚು ಭಯ ಔಷಧಿ ಕಲಸಿದ ಡ್ರಮ್ಮಿನದು. ಕುರಿಗೆ ಒಂದೇ ಸಲಕ್ಕೆ ಮೈತೂಕದ ಕೆಜಿಗೆ 20ರಿಂದ 100 ಮಿಲಿಗ್ರಾಂ ತಾಮ್ರ ಹೊಟ್ಟೆಗೆ ಹೋದ್ರೆ ಮುಗೀತು, ನೀಲಿ ಹಸಿರು ಭೇದಿ ಆಗಿ ಕೆಡವತ್ತೆ. ಡ್ರಮ್ ತೊಳೆದ ನೀರು ಅಂಗಳಕ್ಕೆ ಚೆಲ್ಬೇಡಿ.

ಕನ್ನಡಿಗ_ಸ್ಕಾಟ್ಲೆಂಡ್:
ಇಲ್ಲಿ ಕುರಿ ಸಾಕೋರು ಫೀಡ್ ಚೀಲದ ಮೇಲೆ ತಾಮ್ರ ಎಷ್ಟು ಅಂತ ಓದದೆ ತಗೊಳಲ್ಲ, ಟೆಕ್ಸೆಲ್ ತಳಿ ಇದ್ರಂತೂ ಇನ್ನೂ ಹುಷಾರು. ಇಲ್ಲಿನ ಆರ್ಕ್ನಿ ದ್ವೀಪಗಳಲ್ಲಿ ನಾರ್ತ್ ರೊನಾಲ್ಡ್ಸೇ ಅಂತ ಒಂದು ದ್ವೀಪ, 1832ರಲ್ಲಿ ಸುತ್ತ ಗೋಡೆ ಕಟ್ಟಿ ಕುರಿಗಳನ್ನ ಸಮುದ್ರದ ಕಡೆಗೆ ತಳ್ಳಿಬಿಟ್ರು, ಅವು ಕಡಲಕಳೆ ತಿಂದೇ ಬದುಕಿದಾವೆ. ಅದರಲ್ಲಿ ತಾಮ್ರ ಸಿಗೋದು ಕಡಿಮೆ ಅಂತ ಅವುಗಳ ಮೈ ಸಿಕ್ಕಿದ್ದನ್ನೆಲ್ಲ ಹೀರಿಕೊಳ್ಳೋದು ಕಲ್ತಿದೆ, ಹಂಗಾಗಿ ಮಾಮೂಲಿ ಹುಲ್ಲುಗಾವಲಿಗೆ ತಂದ್ರೆ ಹುಲ್ಲಿನ ತಾಮ್ರಕ್ಕೇ ಸತ್ತುಹೋಗೋ ಸಾಧ್ಯತೆ ಇದೆ!

ಮಂದಿ_ಕುರಿ_ರಾಯಚೂರ:
ಹುಲ್ಲು ತಿಂದು ಸಾಯೋ ಕುರಿನಾ, ಶಿವನೇ. ಹಂಗಾದ್ರ ಡಾಕ್ಟ್ರೇ, ತಾಮ್ರ ಬಿಲ್ಕುಲ್ ಬ್ಯಾಡೇನು?

ಪಶುವೈದ್ಯ_ನಿವೃತ್ತ:
ಬೇಕು. ತೀರಾ ಕಮ್ಮಿ ಆದ್ರೆ ಹುಟ್ಟೋ ಮರಿ ಹಿಂಗಾಲು ತೂರಾಡ್ತವೆ, ಉಣ್ಣೆ ತಂತಿಯಂಗಾಗತ್ತೆ. ಕುರಿಗೆ ಅಂತಲೇ ಮಾಡಿದ ಮಿಶ್ರಣ ಸಿಗತ್ತೆ, ಅದನ್ನ ಕೊಡಿ.

ಕುರಿದೊಡ್ಡಿ_ಹಿರಿಯೂರು:
ಮಲಗಿದ್ದು ನಿನ್ನೆ ಹೋಯ್ತು ಸರ್, ತುಂಡು ಹೆಬ್ಬಾಳಕ್ಕೆ ಕಳ್ಸಿದೀನಿ, ರಿಪೋರ್ಟ್ ಬಂದಿಲ್ಲ. ಡಾಕ್ಟ್ರಿಗೆ ನಿಮ್ಮ ಮೆಸೇಜ್ ತೋರ್ಸಿದೆ, ಬೇಜಾರು ಮಾಡ್ಕೊಳ್ದೆ ಅವರೇ ಚಿತ್ರದುರ್ಗದಿಂದ ಮಾಲಿಬ್ಡೇಟ್ ತರ್ಸಿಕೊಟ್ರು, ಬಿಳಿ ಪುಡಿ, ಚಿನ್ನದಂಗಡಿ ತಕ್ಕಡೀಲಿ ತೂಗಿಸಿಕೊಂಡು ಬಂದು 39ಕ್ಕೂ ಕುಡಿಸ್ತಿದೀನಿ. ಎರಡರ ಕಣ್ಣು ಇನ್ನೂ ಸ್ವಲ್ಪ ಹಳದಿ ಇದೆ, ಮೇವು ತಿಂತಿವೆ. ಮಿನರಲ್ ಪುಡಿ ಅರ್ಧ ಚೀಲ ಉಳಿದಿತ್ತು, ಪಕ್ಕದ್ಮನೆ ಎಮ್ಮೆಗೆ ಕೊಟ್ಟೆ. ಅವರ ಹತ್ರ ಕುರಿ ಇಲ್ಲ, ಎರಡು ಸಲ ಕೇಳಿ ಕನ್ಫರ್ಮ್ ಮಾಡ್ಕೊಂಡೇ ಕೊಟ್ಟೆ.