ಎಡಕ್ಕೆ ಸರಿಯುತ್ತಾ ಜ್ಯಾಬ್ ಹೊಡೆದರೆ ಪಾದಗಳು ತೊಡರುತ್ತಿವೆ, ಪರಿಹಾರ ತಿಳಿಸಿ

ಸಂಜೆಅಭ್ಯಾಸಿ: ಎಂಟು ತಿಂಗಳಿಂದ ಬಾಕ್ಸಿಂಗ್ ಕಲಿಯುತ್ತಿದ್ದೇನೆ. ನಿಂತಲ್ಲೇ ಹೊಡೆಯುವ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಚೆನ್ನಾಗಿದೆ. ಆದರೆ ಎಡಕ್ಕೆ ಸರಿಯುತ್ತಾ ಹೊಡೆದ ಕೂಡಲೇ ಎರಡೂ ಪಾದಗಳು ಹತ್ತಿರ ಬಂದು ಒಂದಕ್ಕೊಂದು ತಾಗುತ್ತವೆ, ಹೊಡೆತದಲ್ಲಿ ತೂಕವೇ ಇರುವುದಿಲ್ಲ. ಭಾನುವಾರದ ಸ್ಪಾರಿಂಗ್‌ನಲ್ಲಿ ಮೂರು ನಿಮಿಷದ ಒಂದೇ ಸುತ್ತಿನಲ್ಲಿ ನಾಲ್ಕು ಬಾರಿ ಎದುರಾಳಿಯ ನೇರ ಬಲಗೈ ಪೆಟ್ಟು ತಿಂದೆ. ಬಲಕ್ಕೆ ಸರಿಯುವಾಗ ಈ ತೊಂದರೆ ಇಲ್ಲ. ದಿನವೂ ಅಭ್ಯಾಸ ಮಾಡಿಯೂ ಸರಿಹೋಗದೆ ತುಂಬಾ ಬೇಸರವಾಗಿದೆ.

ಹಗ್ಗದಾಟ: ಎಡಕ್ಕೆ ಹೋಗುವಾಗ ಎಡಗಾಲೇ ಮೊದಲು ಚಲಿಸಬೇಕು. ಬಲಗಾಲಿನಿಂದ ನೆಲವನ್ನು ಒತ್ತಿ, ಎಡಪಾದ ನೆಲ ಮುಟ್ಟುವ ಕ್ಷಣಕ್ಕೇ ಜ್ಯಾಬ್ ತಲುಪುವಂತೆ ಮಾಡಿ. ನೀವು ಬಲಗಾಲನ್ನು ಮೊದಲು ಎಳೆದುಕೊಳ್ಳುತ್ತಿದ್ದೀರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಸಂಜೆಅಭ್ಯಾಸಿ: ಎಡಗಾಲನ್ನೇ ಮೊದಲು ಇಡುತ್ತಿದ್ದೇನೆ ಸರ್. ಎಡಪಾದ ಊರುವಾಗ ಹೊಡೆದು ನೋಡಿದೆ. ಹೊಡೆತ ಇನ್ನೂ ಹಗುರವಾಯಿತು.

ತುಂಗಾತೀರ: ಓಟದ ಶೂ ಧರಿಸುತ್ತೀರಾ? ಅದರ ದಪ್ಪ ಹಿಮ್ಮಡಿ ಪಕ್ಕಕ್ಕೆ ಸರಿಯುವಾಗ ಪಾದವನ್ನು ವಾಲಿಸುತ್ತದೆ. ತೆಳು ಅಡಿಯ ಬಾಕ್ಸಿಂಗ್ ಶೂ ಕೊಂಡ ಮೇಲೆ ನನ್ನ ಇಂಥದೇ ತೊಂದರೆ ನೀಗಿತು.

ಹಗ್ಗದಾಟ: ಅದೇ ಶೂನಲ್ಲಿ ಬಲಕ್ಕೆ ಸರಾಗವಾಗಿ ಹೋಗುತ್ತಿದ್ದಾರಲ್ಲ? ಶೂ ಕಾರಣವಾಗಲು ಸಾಧ್ಯವಿಲ್ಲ.

ತುಂಗಾತೀರ: ಸವೆತ ಎರಡೂ ಶೂಗಳಲ್ಲಿ ಒಂದೇ ರೀತಿ ಇರುವುದಿಲ್ಲ. ಅಡಿಭಾಗ ನೋಡಿ ಹೇಳಲಿ.

ಸಂಜೆಅಭ್ಯಾಸಿ: ನೋಡಿದೆ. ಬಲ ಶೂವಿನ ಒಳಅಂಚು, ಹೆಬ್ಬೆರಳಿನ ಕೆಳಗೆ, ನುಣುಪಾಗುವಷ್ಟು ಸವೆದಿದೆ. ಎಡದ್ದು ಹೊಸದರಂತಿದೆ.

ಮೂರನೆಯಸುತ್ತು: ಶೂ ವಿಚಾರ ಸ್ವಲ್ಪ ಬದಿಗಿರಲಿ. ನಿಮ್ಮ ಮುಂದಿನ ಕಾಲು ಯಾವುದು?

ಸಂಜೆಅಭ್ಯಾಸಿ: ಬಲಗಾಲು. ನಾನು ಎಡಚ, ಜ್ಯಾಬ್ ಬಲಗೈಯದು. ಬಲಕ್ಕಿಂತ ಎಡಕ್ಕೇ ತೊಂದರೆ ಎಂದಾಗ ತಿಳಿಯುತ್ತದೆ ಎಂದುಕೊಂಡಿದ್ದೆ.

ಮೂರನೆಯಸುತ್ತು: ಹಾಗಾದರೆ ಲೆಕ್ಕವೇ ಬೇರೆ. ನಿಮ್ಮಂತೆ ಬಲಗಾಲು, ಬಲಗೈ ಮುಂದಿರುವ ಸೌತ್‌ಪಾ ನಿಲುವಿನಲ್ಲಿ ಎಡಕ್ಕೆ ಹೋಗುವುದೆಂದರೆ ಜ್ಯಾಬ್ ಕೈಯಿಂದ ದೂರ ಸರಿಯುವುದು. ಎಡಪಾದ ಊರುವಾಗಲೇ ಹೊಡೆದರೆ ಮೈಭಾರ ಒಂದು ಕಡೆಗೆ, ಮುಷ್ಟಿ ಇನ್ನೊಂದು ಕಡೆಗೆ ಹೋಗುತ್ತದೆ. ಎಡಪಾದವನ್ನು ಒಂದು ಗೇಣು ಮಾತ್ರ ಪಕ್ಕಕ್ಕಿಟ್ಟು ಊರಿ, ಅದೇ ಪಾದದಿಂದ ನೆಲ ಒತ್ತಿ, ಬಲಪಾದ ತನ್ನ ಜಾಗಕ್ಕೆ ಬಂದು ಕೂರುವಾಗ ಜ್ಯಾಬ್ ತಲುಪಿಸಿ. ಎಡಪಾದ ಎಷ್ಟು ಸರಿಯಿತೋ ಬಲಪಾದವೂ ಅಷ್ಟೇ ಸರಿಯಬೇಕು. ನೀವು ಅದನ್ನು ಹೆಚ್ಚು ಎಳೆಯುತ್ತಿರುವುದರಿಂದಲೇ ಪಾದಗಳು ತಾಗುತ್ತಿವೆ, ಒಳಅಂಚು ಸವೆದಿರುವುದೂ ಬಹುಶಃ ಅದರಿಂದಲೇ. ಎದುರಾಳಿ ಬಲಗೈಯವರಾದರೆ ಅವರ ಬಲಗೈ ನಿಮ್ಮ ಎಡಕ್ಕಿರುತ್ತದೆ. ನೀವು ಆ ಪೆಟ್ಟಿನತ್ತಲೇ ನಡೆದು ಹೋಗುತ್ತಿದ್ದೀರಿ. ಅವರ ಮುಂದಿನ ಪಾದದ ಹೊರಗೆ ನಿಮ್ಮ ಬಲಪಾದವಿಟ್ಟು ಬಲಕ್ಕೆ ತಿರುಗುವುದನ್ನೇ ಹೆಚ್ಚು ಮಾಡಿ. 2008 ಮತ್ತು 2012ರ ಒಲಿಂಪಿಕ್ ಚಿನ್ನ ಗೆದ್ದ ಲೊಮಚೆಂಕೊ ಸೌತ್‌ಪಾ. ಅವರ ಪಂದ್ಯಗಳಲ್ಲಿ ಕೈಗಳಿಗಿಂತ ಮೊದಲು ಆ ಪಾದವನ್ನು ಗಮನಿಸಿ.

ಹಗ್ಗದಾಟ: ಹೋಗುವ ದಿಕ್ಕಿನ ಕಾಲು ಮೊದಲು ಎಂಬ ನನ್ನ ಮಾತು ಎರಡೂ ನಿಲುವಿಗೆ ಸರಿಯೇ ಆಗಿದೆ.

ಮೂರನೆಯಸುತ್ತು: ಕ್ರಮ ಸರಿ, ಜ್ಯಾಬ್ ಹೊರಡುವ ಹೊತ್ತು ಸರಿಯಲ್ಲ. ಅಭ್ಯಾಸಿಯವರ ತೊಡಕು ಇರುವುದು ಹೊತ್ತಿನಲ್ಲೇ.

ತುಂಗಾತೀರ: ಆದರೂ ಸವೆದ ಶೂ ಬದಲಿಸುವುದು ಒಳ್ಳೆಯದು.

ಸಂಜೆಅಭ್ಯಾಸಿ: ಮಹಡಿಯ ಮೇಲೆ ಟೇಪಿನಿಂದ ಪಾದಗಳ ಗುರುತು ಹಾಕಿ ನಾಲ್ಕು ಸಂಜೆ ಅಭ್ಯಾಸ ಮಾಡಿದೆ. ನಿಧಾನವಾಗಿ ಹೊಡೆದಾಗ ಪಾದಗಳು ತಾಗುತ್ತಿಲ್ಲ, ಬ್ಯಾಗ್‌ನ ಸದ್ದೂ ಬದಲಾಗಿದೆ. ಎರಡು ಜ್ಯಾಬ್ ಒಟ್ಟಿಗೆ ಹೊಡೆದರೆ ಮಾತ್ರ ಎರಡನೆಯದಕ್ಕೆ ಬಲಪಾದ ಮತ್ತೆ ಒಳಕ್ಕೆ ಬರುತ್ತದೆ. ಎರಡರ ನಡುವೆ ಎಡಪಾದವನ್ನು ಮತ್ತೊಮ್ಮೆ ಸರಿಸಬೇಕೇ, ಇದ್ದಲ್ಲೇ ನಿಲ್ಲಿಸಬೇಕೇ?