ಎಚ್‌ಐವಿ ಜಾಗೃತಿ ಕಾರ್ಯಕ್ರಮ ಮಾಡಿದ್ದು ಪ್ರಯೋಜನ ಆಯ್ತಾ ಅಂತ ನೋಡುದು ಹೇಗೆ?

ಬದಿಯಡ್ಕ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ಎನ್ನೆಸ್ಸೆಸ್ ನೋಡಿಕೊಳ್ಳುವವಳು. ಡಿಸೆಂಬರ್ 1ರ ಏಡ್ಸ್ ದಿನಕ್ಕೆ ನಮ್ಮ ಮಕ್ಕಳು ಪೇಟೆಯಲ್ಲಿ ಜಾಥಾ ಮಾಡಿದ್ರು, ಬಸ್‌ಸ್ಟ್ಯಾಂಡಿನ ಹತ್ರ ಬೀದಿ ನಾಟಕ ಆಡಿದ್ರು, ಕೆಲವು ಕುಟುಂಬಶ್ರೀ (ಹೆಂಗಸರ ಸ್ವಸಹಾಯ ಗುಂಪು) ಸಭೆಗಳಿಗೂ ಹೋಗಿ ಮಾತಾಡಿದ್ರು. ಈಗ ರಿಪೋರ್ಟ್ ಕೊಡ್ಬೇಕು, ಅದರಲ್ಲಿ ಪರಿಣಾಮ ಅಂತ ಒಂದು ಕಾಲಂ ಉಂಟು. ನನ್ನ ಹತ್ರ ಇರುದು ಫೋಟೋ, ಸಹಿ ಪಟ್ಟಿ, ಮತ್ತೆ ನಾಟಕದ ಮೊದಲು ಒಮ್ಮೆ ನಂತರ ಒಮ್ಮೆ ಮಾಡಿದ ಕ್ವಿಜ್. ನಂತರದ್ದರಲ್ಲಿ ಮಾರ್ಕು ಜಾಸ್ತಿ ಬಂದಿದೆ, ಬರದೆ ಎಲ್ಲಿಗೆ ಹೋಗ್ತದೆ, ಉತ್ತರವನ್ನೆಲ್ಲ ನಾಟಕದಲ್ಲೇ ಹೇಳಿಯಾಗಿತ್ತು. ಅದನ್ನೇ ಪರಿಣಾಮ ಅಂತ ಬರೆಯಲಿಕ್ಕೆ ನನಗೆ ಮನಸ್ಸು ಬರುದಿಲ್ಲ. ಇದನ್ನು ನೋಡಿ ಒಬ್ಬರಾದ್ರೂ ಟೆಸ್ಟಿಗೆ ಹೋದ್ರಾ ಅಂತ ಗೊತ್ತಾಗ್ಬೇಕು, ಆದ್ರೆ ಮನೆಮನೆಗೆ ಹೋಗಿ ಕೇಳುವ ವಿಷಯ ಅಲ್ಲ ಇದು. ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ರಿಟೈರ್ಡ್ ಕೌನ್ಸಿಲರ್:
ಟೀಚರೇ, ಮೊದಲು ಇದು ಗೊತ್ತಿರ್ಲಿ, ಯಾರು ಬಂದ್ರು, ಯಾರಿಗೆ ಏನು ಬಂತು ಅಂತ ಆಸ್ಪತ್ರೆಯವರು ಹೇಳುವ ಹಾಗಿಲ್ಲ, ನೀವು ಕೇಳುವ ಹಾಗೂ ಇಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿ ಉಂಟು, ಗುಟ್ಟು ಕಾಪಾಡುದು ಅದರಲ್ಲಿ ಕಡ್ಡಾಯ, ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುದೂ ತಪ್ಪು. ಆದ್ರೆ ತಿಂಗಳಿಗೆ ಎಷ್ಟು ಟೆಸ್ಟ್ ಆಯ್ತು ಅಂತ ಬರೇ ಸಂಖ್ಯೆಯನ್ನು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆದು ಮೆಡಿಕಲ್ ಆಫೀಸರ್ ಹತ್ರ ಕೇಳ್ಬಹುದು.

ಆ ಒಟ್ಟು ಸಂಖ್ಯೆ ನೋಡಿ ಖುಷಿಪಡ್ಬೇಡಿ ಮಾತ್ರ. ನಮ್ಮ ಕೇರಳದಲ್ಲಿ ಜ್ಯೋತಿಸ್ ಅಂತ ಕರೆಯುವ ಐಸಿಟಿಸಿ, ಅಂದ್ರೆ ಎಚ್‌ಐವಿ ಸಲಹೆ ಕೊಟ್ಟು ಟೆಸ್ಟ್ ಮಾಡುವ ಸೆಂಟರಿನಲ್ಲಿ ಟೆಸ್ಟ್ ಆಗುವವರಲ್ಲಿ ದೊಡ್ಡ ಪಾಲು ಬಸುರಿಯರು, ಮತ್ತೆ ಟಿಬಿ ಇದ್ದವರು, ಬೇರೆ ಕಾಯಿಲೆಗೆ ಬಂದು ಡಾಕ್ಟ್ರು ಚೀಟಿ ಬರೆದು ಕಳಿಸಿದವರು. ನೀವು ಜಾಥಾ ಮಾಡಿದ್ರೂ ಮಾಡದಿದ್ರೂ ಇವರಿಗೆಲ್ಲ ಟೆಸ್ಟ್ ಆಗಿಯೇ ಆಗ್ತದೆ. ತಾನಾಗಿ ನಡೆದುಕೊಂಡು ಬಂದು ನನಗೆ ಟೆಸ್ಟ್ ಮಾಡಿ ಅಂತ ಹೇಳಿದವರ ಲೆಕ್ಕವನ್ನು ಸೆಂಟರಿನಲ್ಲಿ ಬೇರೆಯಾಗಿಯೇ ಇಡ್ತಾರೆ, ನಿಮಗೆ ಬೇಕಾದ್ದು ಅದು. ಕಾರ್ಯಕ್ರಮದ ಹಿಂದಿನ ಮೂರು ತಿಂಗಳದ್ದೂ ಮುಂದಿನ ಮೂರು ತಿಂಗಳದ್ದೂ ತೆಗೊಳ್ಳಿ, ಡಿಸೆಂಬರ್ ಒಂದನ್ನೇ ನೋಡಿದ್ರೆ ಕ್ಯಾಂಪುಗಳಿಂದಾಗಿ ಲೆಕ್ಕ ಉಬ್ಬಿರ್ತದೆ.

ಉಪ್ಪಳದವ:
ಕೌನ್ಸಿಲರ್ ಸಾರ್ ಹೇಳಿದ್ದು ಸರಿ, ಆದ್ರೆ ಗಡಿಯಲ್ಲಿ ಇರುವ ನಮಗೆ ಅದೂ ಸಾಕಾಗುದಿಲ್ಲ. ಮಂಜೇಶ್ವರ ಉಪ್ಪಳ ಕಡೆಯವರು ಇಂಥ ಟೆಸ್ಟಿಗೆ ಊರಿನ ಆಸ್ಪತ್ರೆಗೆ ಹೋಗ್ತಾರಾ ಮಾರಾಯ್ರೆ, ಅಲ್ಲಿ ಚೀಟಿ ಕೊಡುವವಳು ಅತ್ತಿಗೆಯ ತಂಗಿ ಆಗಿರ್ತಾಳೆ. ಸೀದಾ ಬಸ್ಸು ಹತ್ತಿ ಮಂಗಳೂರಿಗೆ ಹೋಗ್ತಾರೆ. ನಿಮ್ಮ ನಾಟಕ ನೋಡಿಯೇ ಹೋದ್ರೂ ಲೆಕ್ಕ ಬೀಳುದು ದಕ್ಷಿಣ ಕನ್ನಡಕ್ಕೆ, ಪ್ರೈವೇಟ್ ಲ್ಯಾಬಿಗೆ ಹೋದ್ರೆ ಅಲ್ಲಿಯೂ ಇಲ್ಲ.

ಇನ್ನೊಂದು, ಗಲ್ಫಿನ ವಿಷಯ. ನಮ್ಮಲ್ಲಿ ತುಂಬ ಗಂಡಸರಿಗೆ ಎಚ್‌ಐವಿ ಟೆಸ್ಟ್ ಅಂದ್ರೆ ವೀಸಾದ ಮೆಡಿಕಲ್. ಪಾಸಿಟಿವ್ ಬಂದ್ರೆ ಅನ್‌ಫಿಟ್, ಕೆಲಸ ಹೋಯ್ತು, ಮನೆ ಕಟ್ಟುವ ಸಾಲ ತಲೆ ಮೇಲೆ. ಅಂಥವನಿಗೆ ಟೆಸ್ಟ್ ಮಾಡಿಸಿ ಟೆಸ್ಟ್ ಮಾಡಿಸಿ ಅಂತ ಹೇಳಿದ್ರೆ ಅವನು ಓಡಿಹೋಗ್ತಾನೆ, ಪಾಸಿಟಿವ್ ಬಂದ್ರೆ ಮುಂದೆ ಏನು, ಯಾರಿಗೆಲ್ಲ ಗೊತ್ತಾಗ್ತದೆ, ಮದ್ದು ಉಂಟಾ, ಇದನ್ನು ನಿಮ್ಮ ನಾಟಕದಲ್ಲಿ ಹೇಳಿದ್ದೀರಾ? ಮದ್ದು 2004ರಿಂದ ಸರಕಾರದ ಕಡೆಯಿಂದ ಫ್ರೀ ಉಂಟು ಅಂತ ನಮ್ಮ ಕಡೆ ಈಗಲೂ ಎಷ್ಟೋ ಜನರಿಗೆ ಗೊತ್ತಿಲ್ಲ.

ಅಂಕಿಸಂಖ್ಯೆ ಮೇಷ್ಟ್ರು:
ನಾನು ಸ್ಟಾಟಿಸ್ಟಿಕ್ಸ್ ಪಾಠ ಮಾಡುವವ. ಉಪ್ಪಳದವರು ಹೇಳಿದ ಸಮಸ್ಯೆಗೆ ಒಂದು ದಾರಿ ಉಂಟು, ಆಸ್ಪತ್ರೆ ಲೆಕ್ಕದ ಜೊತೆಗೆ ಹೆಸರಿಲ್ಲದ ಚೀಟಿ. ಕಳೆದ 12 ತಿಂಗಳಲ್ಲಿ ಎಲ್ಲಿಯಾದ್ರೂ ಎಚ್‌ಐವಿ ಟೆಸ್ಟ್ ಮಾಡಿಸಿದ್ದೀರಾ, ಹೌದು ಅಥವಾ ಇಲ್ಲ, ಅಷ್ಟೇ. ರಿಸಲ್ಟ್ ಕೇಳ್ಲೇಬಾರದು. ಪೆಟ್ಟಿಗೆಗೆ ಹಾಕ್ಲಿಕ್ಕೆ ಹೇಳಿ. ಅದಕ್ಕೂ ಹೆದರ್ತಾರೆ ಅಂತಾದ್ರೆ ನಾಣ್ಯದ ಉಪಾಯ ಉಂಟು, ಪ್ರತಿಯೊಬ್ಬರೂ ಯಾರಿಗೂ ಕಾಣದ ಹಾಗೆ ನಾಣ್ಯ ಚಿಮ್ಮಬೇಕು, ತಲೆ ಬಿದ್ರೆ ಸುಮ್ಮನೆ ಹೌದು ಬರೆಯುದು, ಹೂ ಬಿದ್ರೆ ಮಾತ್ರ ನಿಜ ಬರೆಯುದು. 200 ಜನರಲ್ಲಿ ಸುಮಾರು 100 ಹೌದು ನಾಣ್ಯದ್ದು, ಒಟ್ಟು 130 ಬಂದ್ರೆ ಉಳಿದ 100ರಲ್ಲಿ 30 ನಿಜದ್ದು, ಅಂದ್ರೆ ಅಂದಾಜು 30%. ಯಾವ ಚೀಟಿಯೂ ಯಾರನ್ನೂ ಸಿಕ್ಕಿಸುದಿಲ್ಲ. ಜನ ಕಡಿಮೆ ಇದ್ರೆ ಈ ಲೆಕ್ಕ ತುಂಬ ಅಲ್ಲಾಡ್ತದೆ, ಅದು ನೆನಪಿರ್ಲಿ.

ಮತ್ತೆ ಹೋಲಿಕೆ ಬೇಕೇ ಬೇಕು. ಕಾರ್ಯಕ್ರಮ ಆಗದ ಪಕ್ಕದ ಪಂಚಾಯತಿನಲ್ಲೂ ಇದೇ ಚೀಟಿ ಮಾಡಿಸಿ, ಅಲ್ಲಿಯೂ ಅಷ್ಟೇ ಏರಿದ್ರೆ ಅದು ಟಿವಿಯದ್ದೋ ಸರಕಾರದ ಬೇರೆ ಪ್ರಚಾರದ್ದೋ ಫಲ, ನಿಮ್ಮದಲ್ಲ. ತಿಳುವಳಿಕೆ ನಿಧಾನಕ್ಕೆ ಬದಲಾಗುವ ವಿಷಯ ಅಂತ ಹೇಳಲಿಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಸಾಕು. ಎಚ್‌ಐವಿ ಬಗ್ಗೆ ಪೂರ್ತಿ ಸರಿಯಾದ ತಿಳುವಳಿಕೆ ಇದ್ದವರು 2015-16ರಲ್ಲಿ ಹೆಂಗಸರಲ್ಲಿ ಸುಮಾರು 21%, ಗಂಡಸರಲ್ಲಿ 32%. 2019-21ರಲ್ಲಿ 22% ಮತ್ತು 31%. ನಾಲ್ಕೈದು ವರ್ಷದಲ್ಲಿ ಇಡೀ ದೇಶದಲ್ಲಿ ಆದದ್ದು ಇಷ್ಟು, ಹಾಗಾಗಿ ಒಂದು ನಾಟಕದ ಕ್ವಿಜ್ ಮಾರ್ಕನ್ನು ನಾನಂತೂ ನಂಬುದಿಲ್ಲ.

ಮುಳ್ಳೇರಿಯ ಆಶಾ:
ಟೀಚರಕ್ಕ, ನಾನು ಆಶಾ ಕೆಲಸ ಮಾಡುವವಳು, ನನಗೆ ಪರ್ಸೆಂಟ್ ಎಲ್ಲ ಅಷ್ಟು ಗೊತ್ತಾಗುದಿಲ್ಲ. ಆದ್ರೆ ಮನೆಗಳಿಗೆ ಹೋದಾಗ ನಾನು ಎರಡು ಮಾತು ಕೇಳಿ ನೋಡ್ತೇನೆ. ಎಚ್‌ಐವಿ ಇದ್ದವರ ಅಂಗಡಿಯಿಂದ ತರಕಾರಿ ತೆಗೊಳ್ತೀರಾ ಅಂತ ಒಂದು. ಸೊಳ್ಳೆಯಿಂದ ಬರುದಿಲ್ಲ, ಮುಟ್ಟಿದ್ರೆ ಬರುದಿಲ್ಲ ಅಂತ ಬಾಯಿಪಾಠ ಹೇಳಿದವರೇ ತರಕಾರಿ ಅಂದ ಕೂಡ್ಲೇ ಬೇಡಪ್ಪ ಅಂತಾರೆ. ಅಲ್ಲಿಯೇ ಗೊತ್ತಾಗ್ತದೆ ಎಷ್ಟು ಒಳಗೆ ಇಳಿದಿದೆ ಅಂತ. ಇನ್ನೊಂದು, ಟೆಸ್ಟ್ ಎಲ್ಲಿ ಮಾಡ್ತಾರೆ, ದುಡ್ಡು ಎಷ್ಟು ಅಂತ. ಜಾಥಾದಲ್ಲಿ ಘೋಷಣೆ ಕೂಗಿದ ಮಕ್ಕಳಿಗೇ ಗೊತ್ತಿರುದಿಲ್ಲ ಅಕ್ಕ. ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿದ್ರೆ ಹೇಳ್ತಾರೆ ಅಂತ ಅದನ್ನಾದ್ರೂ ಕಲಿಸಿ. ಕರಪತ್ರ ಮಲಯಾಳದ್ದು ಮಾತ್ರ ಹಂಚಿದ್ರೆ ಕನ್ನಡ ಓದುವ ಮನೆಗಳಲ್ಲಿ ಅದು ಹಾಗೇ ಮೂಲೆಗೆ ಹೋಗ್ತದೆ, ಅದನ್ನೂ ಲೆಕ್ಕಕ್ಕೆ ತೆಗೊಳ್ಳಿ.

ಬದಿಯಡ್ಕ ಟೀಚರ್:
ಎಲ್ಲರಿಗೂ ತುಂಬ ಥ್ಯಾಂಕ್ಸ್. ತಾನಾಗಿ ಬಂದವರ ಆರು ತಿಂಗಳ ಲೆಕ್ಕಕ್ಕೆ ಬರೆದು ಕೊಡ್ತೇನೆ, ಚೀಟಿ ಪೆಟ್ಟಿಗೆ ಮುಂದಿನ ಕುಟುಂಬಶ್ರೀ ಸಭೆಯಲ್ಲಿ ಮಾಡ್ತೇವೆ, ಆಶಾ ಅವರು ಹೇಳಿದ ಎರಡು ಪ್ರಶ್ನೆ ಅದೇ ಚೀಟಿಯಲ್ಲಿ ಸೇರಿಸ್ತೇನೆ. ಒಂದು ಸಂಶಯ, ವಾರ್ಡ್ ಪ್ರಕಾರ ಲೆಕ್ಕ ಹಾಕಿ ರಿಪೋರ್ಟಿನಲ್ಲಿ ಕೊಡ್ಬಹುದಾ?

ರಿಟೈರ್ಡ್ ಕೌನ್ಸಿಲರ್:
ಬೇಡ ಟೀಚರೇ. ಸಣ್ಣ ವಾರ್ಡಿನಲ್ಲಿ ಇಬ್ಬರು ಟೆಸ್ಟ್ ಮಾಡಿಸಿದ್ರು ಅಂತ ಬರೆದ್ರೆ ಯಾರು ಆ ಇಬ್ಬರು ಅಂತ ಊರಿಡೀ ಹುಡುಕ್ತಾರೆ. ಇಡೀ ಪಂಚಾಯತಿಗೆ ಒಂದೇ ಸಂಖ್ಯೆ ಕೊಡಿ. ಪಾಸಿಟಿವ್ ಎಷ್ಟು ಅಂತ ರಿಪೋರ್ಟಿನಲ್ಲಿ ಬೇಡವೇ ಬೇಡ.