ಇಎಂಟಿ ತರಬೇತಿಗೆ ಸೇರಿದ್ದೇನೆ, ಮೊದಲು ಏನನ್ನು ಗಟ್ಟಿ ಮಾಡಿಕೊಳ್ಳಲಿ?

ಪ್ರಶ್ನೆ – ಹಾವೇರಿ ಕಡೆಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಜಿಎನ್‌ಎಂ ನರ್ಸಿಂಗ್ ಮುಗಿಸಿ ಈ ತಿಂಗಳು ಇಎಂಟಿ (ಆಂಬುಲೆನ್ಸ್‌ನಲ್ಲಿ ರೋಗಿಯನ್ನು ನೋಡಿಕೊಳ್ಳುವ ತುರ್ತು ಚಿಕಿತ್ಸಾ ಸಿಬ್ಬಂದಿ) ತರಬೇತಿಗೆ ಸೇರಿದ್ದೇನೆ. ಮುಂದೆ 108ರಲ್ಲಿ ಕೆಲಸ ಮಾಡುವ ಆಸೆ. ಮೂಳೆಗಳ ಹೆಸರು, ಔಷಧಿಯ ಡೋಸ್, ಸಲಕರಣೆ ಎಲ್ಲವೂ ಒಟ್ಟಿಗೆ ಬರುತ್ತಿವೆ. ತಲೆಯಲ್ಲಿ ನಿಲ್ಲುತ್ತಿಲ್ಲ. ವಾರ್ಡ್‌ನಲ್ಲಿ ಕೂಗಿದರೆ ಡಾಕ್ಟರ್ ಬರುತ್ತಿದ್ದರು. ಆಂಬುಲೆನ್ಸ್‌ನಲ್ಲಿ ರೋಗಿಯ ಹತ್ತಿರ ನಾನೊಬ್ಬಳೇ. ಅದನ್ನು ನೆನೆದರೆ ಕೈ ತಣ್ಣಗಾಗುತ್ತದೆ. ಕೆಲಸದಲ್ಲಿ ಇರುವವರು ಹೇಳಿ, ಯಾವುದನ್ನು ಮೊದಲು ಕಲಿಯಲಿ?

ಒಂಬತ್ತು ವರ್ಷದಿಂದ ಇಎಂಟಿ, ತುಮಕೂರು ಕಡೆಯವಳು

ತಂಗಿ, ಮೊದಲು ಉಸಿರು ಎಣಿಸುವುದನ್ನು ಕಲಿ. ಇಷ್ಟೇನಾ ಅನಿಸುತ್ತದೆ ಅಲ್ವಾ? ಆದರೆ ನಮ್ಮಲ್ಲಿ ಎಷ್ಟೋ ಜನ ಎಣಿಸದೆಯೇ 18 ಅಂತ ಬರೆದುಬಿಡುತ್ತಾರೆ. ನಾನೂ ಬರೆದಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜ್ವರ ಅಂತ ಒಬ್ಬ ಅಜ್ಜಿಯನ್ನು ಕರೆದುಕೊಂಡು ಹೋಗುತ್ತಿದ್ದೆ. ಬಿಪಿ ಸರಿಯಿತ್ತು, ಮಾತಾಡುತ್ತಿದ್ದರು. ಉಸಿರಿನ ಜಾಗದಲ್ಲಿ 18 ಹಾಕಿದೆ. ಆಸ್ಪತ್ರೆಯಲ್ಲಿ ಎಣಿಸಿದಾಗ 34 ಬಂತು. ಸೋಂಕು ರಕ್ತಕ್ಕೆ ಏರಿತ್ತು. ಅಜ್ಜಿ ಉಳಿದರು. ಆದರೆ ನಾನು ಬರೆದ ಆ 18 ಇವತ್ತಿಗೂ ಕಣ್ಣ ಮುಂದಿನಿಂದ ಹೋಗಿಲ್ಲ.

ದೊಡ್ಡವರಿಗೆ ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20. ಆಗ ತಾನೇ ಹುಟ್ಟಿದ ಮಗುವಿಗೆ 30ರಿಂದ 60. ಎಣಿಸುತ್ತಿದ್ದೇವೆ ಅಂತ ಗೊತ್ತಾದರೆ ರೋಗಿ ಉಸಿರಾಡುವ ರೀತಿಯೇ ಬದಲಾಗುತ್ತದೆ. ಅದಕ್ಕೆ ನಾಡಿ ನೋಡುವವಳ ಹಾಗೆ ಕೈ ಹಿಡಿದುಕೊಂಡೇ ಎದೆ ಏರಿಳಿಯುವುದನ್ನು ನೋಡು. ಮೂವತ್ತು ಸೆಕೆಂಡ್ ಎಣಿಸಿ ದುಪ್ಪಟ್ಟು ಮಾಡು. ಮಗುವಾದರೆ, ಇಲ್ಲವೇ ಉಸಿರಿನ ಲಯ ತಪ್ಪಿದ್ದರೆ, ಪೂರ್ತಿ ಒಂದು ನಿಮಿಷ ಎಣಿಸು.

ಬೆರಳಿಗೆ ಹಾಕುವ ಆಕ್ಸಿಮೀಟರ್ ಇದೆಯಲ್ಲ ಅಂತ ಕೇಳಬಹುದು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅದು ಹೇಳುತ್ತದೆ. ಅಷ್ಟನ್ನು ಉಳಿಸಿಕೊಳ್ಳಲು ರೋಗಿ ಎಷ್ಟು ಒದ್ದಾಡುತ್ತಿದ್ದಾರೆ ಅಂತ ಹೇಳುವುದಿಲ್ಲ. 96 ತೋರಿಸುತ್ತಿರುವಾಗಲೇ ಪಕ್ಕೆಲುಬಿನ ಸಂದು ಒಳಗೆ ಎಳೆಯುತ್ತಿರಬಹುದು, ಒಂದು ವಾಕ್ಯ ಮುಗಿಸಲು ಮೂರು ಸಲ ನಿಲ್ಲುತ್ತಿರಬಹುದು. ಉಗುರಿಗೆ ಬಣ್ಣ ಇದ್ದರೆ, ಬೆರಳು ತಣ್ಣಗಿದ್ದರೆ ಆ ನಂಬರನ್ನೂ ನಂಬುವ ಹಾಗಿಲ್ಲ.

ಬಿಪಿಯೂ ಹಾಗೆಯೇ. ಬೈಕಿನಿಂದ ಬಿದ್ದ ಹುಡುಗನಿಗೆ ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೂ ತುಂಬಾ ಹೊತ್ತು ಬಿಪಿ ಬೀಳದೇ ಇರಬಹುದು. ಅದಕ್ಕೂ ಮೊದಲೇ ನಾಡಿ ಓಡುತ್ತದೆ, ಉಸಿರು ಹೆಚ್ಚುತ್ತದೆ, ಕೈ ತಣ್ಣಗೆ ಬೆವರುತ್ತದೆ. ಉಗುರು ಒತ್ತಿ ಬಿಟ್ಟಾಗ ಎರಡು ಸೆಕೆಂಡ್ ಕಳೆದರೂ ಬಣ್ಣ ಮರಳುವುದಿಲ್ಲ. ಚಿಮ್ಮುವ ರಕ್ತ ಇದ್ದರೆ ಮೊದಲು ಅದನ್ನು ಒತ್ತಿ ಹಿಡಿ. ಉಳಿದ ಗಾಯಗಳಿಗೆ ಆಮೇಲೆ ಬಾ. ಮುರಿದ ಕಾಲು ಕಣ್ಣಿಗೆ ಬೀಳುತ್ತದೆ, ಕಟ್ಟಿದ ಉಸಿರು ಬೀಳುವುದಿಲ್ಲ.

ಪೈಲಟ್ (ಆಂಬುಲೆನ್ಸ್ ಚಾಲಕ), ಶಿವಮೊಗ್ಗ ಜಿಲ್ಲೆ

2008ರ ನವೆಂಬರ್‌ನಲ್ಲಿ ಆರೋಗ್ಯ ಕವಚ, ಅಂದರೆ ನಮ್ಮ 108 ಸೇವೆ, ಶುರುವಾಯಿತು. ಮರುವರ್ಷದಿಂದ ನಾನು ಗಾಡಿ ಓಡಿಸುತ್ತಿದ್ದೇನೆ. ಸಿಸ್ಟರ್, ಡ್ಯೂಟಿಗೆ ಬಂದ ತಕ್ಷಣ ಆಕ್ಸಿಜನ್ ಸಿಲಿಂಡರಿನ ಮುಳ್ಳು ನೋಡಿ. ಹಿಂದಿನ ಶಿಫ್ಟ್‌ನವರು ಹೇಳಿದ್ದನ್ನು ಕೇಳಿ ಸುಮ್ನೆ ಇರಬೇಡಿ. ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ. ಮುಳ್ಳು ಅರ್ಧಕ್ಕಿದ್ದರೆ ಒಂದೂಕಾಲು ಗಂಟೆ. ಮಳೆಗಾಲದಲ್ಲಿ ಮಲೆನಾಡಿನ ರಸ್ತೆಯಲ್ಲಿ ಮರ ಬಿದ್ದು ನಿಂತರೆ ಈ ಲೆಕ್ಕವೇ ಜೀವ. ಬಾಯಿ, ಗಂಟಲಿನ ಜೊಲ್ಲು ಎಳೆದು ತೆಗೆಯುವ ಸಕ್ಷನ್ ಮೆಷಿನ್ನನ್ನೂ ಆನ್ ಮಾಡಿ, ಪೈಪಿನ ತುದಿಗೆ ಬೆರಳಿಟ್ಟು ಎಳೆಯುತ್ತದಾ ನೋಡಿ.

ಇನ್ನೊಂದು. ಗಾಡಿ ನಿಂತ ಕೂಡಲೇ ಜಿಗಿದು ಓಡಬೇಡಿ. ಕರೆಂಟ್ ತಂತಿ ಬಿದ್ದಿದೆಯಾ, ಡೀಸೆಲ್ ಸೋರುತ್ತಿದೆಯಾ, ಹಿಂದೆ ಲಾರಿ ಬರುತ್ತಿದೆಯಾ ಅಂತ ಒಮ್ಮೆ ಕಣ್ಣಾಡಿಸಿ.

ಇಎಂಟಿ, ರಾಯಚೂರು ಜಿಲ್ಲೆ

ಮೇಲಿನ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಕಡೆಯ ಕೇಸ್‌ಗಳನ್ನು ಸೇರಿಸುತ್ತೇನೆ. "ಎಣ್ಣಿ ಕುಡಿದಾರ" ಅಂತ ಕರೆ ಬಂದರೆ ಸಾರಾಯಿ ಅಂದುಕೊಳ್ಳಬೇಡಿ. ಇಲ್ಲಿ ಬೆಳೆಗೆ ಹೊಡೆಯುವ ಔಷಧಿಗೂ ಎಣ್ಣೆ ಅಂತಲೇ ಅನ್ನುತ್ತಾರೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿದೆ, ಬಾಯಲ್ಲಿ ಜೊಲ್ಲು ಸುರಿಯುತ್ತಿದೆ, ಮೈಯೆಲ್ಲ ಬೆವರು, ಎದೆಯಲ್ಲಿ ಗೊರಗೊರ ಶಬ್ದ. ಇಷ್ಟು ಕಂಡರೆ ಆರ್ಗನೋಫಾಸ್ಫೇಟ್ (ಒಂದು ಬಗೆಯ ಕೀಟನಾಶಕ) ವಿಷ ಅಂತಲೇ ತಿಳಿಯಿರಿ. ಇವರು ಸಾಯುವುದು ಉಸಿರಿನ ದಾರಿ ತುಂಬಿ, ಉಸಿರಾಡುವ ಸ್ನಾಯು ಸೋತು. ಪಕ್ಕಕ್ಕೆ ಹೊರಳಿಸಿ, ಸಕ್ಷನ್ ಮಾಡಿ, ಆಕ್ಸಿಜನ್ ಕೊಡಿ. ಗ್ಲೌಸ್ ಹಾಕಿಕೊಂಡೇ ಬಟ್ಟೆ ತೆಗೆಯಿರಿ, ಮೈ ತೊಳೆಯಿರಿ. ಈ ವಿಷಕ್ಕೆ ಕೊಡುವ ಅಟ್ರೋಪಿನ್ ಇಂಜೆಕ್ಷನ್ ವಿಚಾರವನ್ನು ಫೋನ್‌ನಲ್ಲಿರುವ ಡಾಕ್ಟರನ್ನು ಕೇಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಮನೆಯವರು ಮುಂದಾಗುತ್ತಾರೆ. ಹಾಗೆ ಮಾಡಲು ಬಿಡಬೇಡಿ, ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಟಲಿ ಸಿಕ್ಕರೆ ಜೊತೆಗೆ ತನ್ನಿ.

ಹಾವಿನ ಕೇಸ್‌ನಲ್ಲೂ ಉಸಿರೇ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವು ಅಂತ ಕರೆ ಬರುತ್ತದೆ. ರೆಪ್ಪೆ ಜೋತು ಬಿದ್ದಿದ್ದರೆ ಅನುಮಾನಪಡಿ. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಎಣಿಸಲು ಹೇಳಿ. ಹೊರಟಾಗ 20ರವರೆಗೆ ಹೋದವರು ದಾರಿಯಲ್ಲಿ 12ಕ್ಕೇ ನಿಂತರೆ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಕೈಯಲ್ಲಿರಲಿ, ಆಸ್ಪತ್ರೆಗೆ ಮುಂಚೆಯೇ ಫೋನ್ ಮಾಡಿ. ಕೊಯ್ಯಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ. ಊರಿನವರು ಈಗಾಗಲೇ ಬಿಗಿದಿದ್ದರೆ ದಾರಿಯಲ್ಲಿ ಬಿಚ್ಚದೆ ಡಾಕ್ಟರ್ ಎದುರೇ ಬಿಚ್ಚಿಸಿ. 2024ರಲ್ಲಿ ನಮ್ಮ ಸರ್ಕಾರ ಹಾವು ಕಡಿತದ ಕೇಸ್‌ಗಳನ್ನು ವರದಿ ಮಾಡಲೇಬೇಕು ಅಂತ ಮಾಡಿದೆ. ಹಾಗಾಗಿ ಕಚ್ಚಿದ ಸಮಯ, ಜಾಗ ಸರಿಯಾಗಿ ಬರೆಯಿರಿ.

ತಾಲ್ಲೂಕು ಆಸ್ಪತ್ರೆ ಎಮರ್ಜೆನ್ಸಿ ನರ್ಸ್

ನೀವು ತರುವ ರೋಗಿಯನ್ನು ಇಳಿಸಿಕೊಳ್ಳುವವಳು ನಾನು. ಉಸಿರು ಮೊದಲು, ಸರಿ. ಆದರೆ ಪ್ರಜ್ಞೆ ತಪ್ಪಿದವರಿಗೆಲ್ಲ, ಮಾತು ತೊದಲುವವರಿಗೆಲ್ಲ ಶುಗರ್ ನೋಡುವುದನ್ನೂ ಅದರ ಬೆನ್ನಿಗೇ ಇಟ್ಟುಕೊಳ್ಳಿ. ಲಕ್ವ ಅಂತ ಬಂದವರ ಶುಗರ್ 38 ಇದ್ದದ್ದನ್ನು ನೋಡಿದ್ದೇನೆ. ಗ್ಲೂಕೋಸ್ ಕೊಟ್ಟ ಮೇಲೆ ಎದ್ದು ಕೂತು ಮಗನನ್ನು ಬೈದರು. ನಿಜವಾದ ಲಕ್ವವೇ ಆದರೆ "ಯಾವಾಗ ಆಯ್ತು" ಅಂತ ಕೇಳಬೇಡಿ, "ಕೊನೆಯ ಸಲ ಚೆನ್ನಾಗಿದ್ದದ್ದನ್ನು ಯಾರು, ಎಷ್ಟು ಗಂಟೆಗೆ ನೋಡಿದಿರಿ" ಅಂತ ಕೇಳಿ. ರಕ್ತದ ಗೆಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ. ಆ ಗಡಿಯಾರ ಶುರುವಾಗುವುದು ಅಲ್ಲಿಂದ. ನೋಡಿದವರನ್ನೇ ಗಾಡಿಗೆ ಹತ್ತಿಸಿಕೊಳ್ಳಿ. ತೆಗೆದುಕೊಳ್ಳುವ ಮಾತ್ರೆಗಳನ್ನು ಕವರ್ ಸಮೇತ ತನ್ನಿ.

ಕೇಳಿದವಳು

ತುಂಬಾ ಧನ್ಯವಾದ. ಒಂದೇ ಭಯ ಉಳಿದಿದೆ. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಉಸಿರು ಕೊಡುವುದು) ಶುರು ಮಾಡಬೇಕಾ ಬೇಡವಾ ಅಂತ ಗೊಂದಲ ಆದರೆ? ಸ್ವಲ್ಪ ಉಸಿರಾಡಿದ ಹಾಗೆ ಕಂಡರೆ?

ತುಮಕೂರಿನ ಅಕ್ಕ

ಒಳ್ಳೆಯ ಪ್ರಶ್ನೆ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವರು ನೀರಿನಿಂದ ತೆಗೆದ ಮೀನಿನ ಹಾಗೆ ಆಗಾಗ ಬಾಯಿ ತೆರೆಯುತ್ತಾರೆ. ಮನೆಯವರು "ಉಸಿರಿದೆ, ಉಸಿರಿದೆ" ಅಂತ ಕೂಗುತ್ತಾರೆ. ಅದು ಉಸಿರಲ್ಲ. ಕರೆದರೆ ಏಳುತ್ತಿಲ್ಲ, ಉಸಿರು ಸರಿಯಿಲ್ಲ, ಹತ್ತು ಸೆಕೆಂಡ್ ಒಳಗೆ ಕತ್ತಿನ ನಾಡಿ ಖಚಿತವಾಗಿ ಸಿಗುತ್ತಿಲ್ಲ ಅಂದರೆ ಎದೆ ಒತ್ತಲು ಶುರು ಮಾಡು. ಐದರಿಂದ ಆರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120, ಮೂವತ್ತು ಸಲ ಒತ್ತಿದ್ದಕ್ಕೆ ಎರಡು ಉಸಿರು. ಎದೆ ಪೂರ್ತಿ ಮೇಲೆ ಬರಲು ಬಿಡು. ಎರಡು ನಿಮಿಷಕ್ಕೆ ಒತ್ತುವವರನ್ನು ಬದಲಿಸು. ಸುಸ್ತಾದದ್ದು ನಮಗೆ ಗೊತ್ತಾಗುವ ಮೊದಲೇ ಆಳ ಕಡಿಮೆಯಾಗಿರುತ್ತದೆ. ಈಗ ಮನೆಯಲ್ಲಿ ಇರುವವರ ಉಸಿರೆಲ್ಲ ಎಣಿಸು. ಸರಿಯಾಗಿರುವುದು ಹೇಗಿರುತ್ತದೆ ಅಂತ ಕಣ್ಣಿಗೆ ರೂಢಿಯಾಗಲಿ.

ಕೇಳಿದವಳು

ಅಕ್ಕ, ಆರು ಜನರದ್ದು ಎಣಿಸಿದೆ. ಐದು ಜನರದ್ದು 14ರಿಂದ 18ರ ಒಳಗೇ ಇದೆ. ಅಪ್ಪನದು 24. ಆಗ ತಾನೇ ಹೊಲದಿಂದ ಬಂದಿದ್ದರು. ಬೀಡಿ ಸೇದುತ್ತಾರೆ.

ತುಮಕೂರಿನ ಅಕ್ಕ

ಹತ್ತು ನಿಮಿಷ ಕೂರಿಸಿ ಮತ್ತೆ ಎಣಿಸು. ಆಗಲೂ 24 ಇದ್ದರೆ ನಾಳೆಯೇ ಡಾಕ್ಟರ್‌ಗೆ ತೋರಿಸು ತಂಗಿ.